ಸೇವೆ ಮಾಡೋರನ್ನ ನೋಡ್ಕೊಳ್ಳೋರು ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಒಂದ್ಕಡೆ ಇಟ್ಟು ಓದಿದ್ರ ಪೂರಾ ಒಂದೇ ಮಾತಿನ ಸುತ್ತ ಅವ. ಪಾಸ್ಟರು, ಅವ್ರ ಮನಿಯವ್ರು, ಸಂಡೇ ಸ್ಕೂಲ್ ಟೀಚರು, ಯೂತ್ ಲೀಡರು, ಕ್ವಾಯರ್ ಹುಡುಗ್ರು, ಎಲ್ಲಾರೂ ಸಭೆನ ನೋಡ್ಕೋತಾರ, ಅವ್ರನ್ನ ಯಾರು ನೋಡ್ಕೋಬೇಕು ಅಂತ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆದಿಂದ ಬಂದಾವ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಬರದಾರ, ಹಂಗಾಗಿ ಊರಷ್ಟೇ ಹಾಕೀನಿ. ಕೆಲವು ಉತ್ತರ ಉದ್ದ ಆಗ್ಯಾವ, ವಿಷಯ ಹಂಗದ, ಸಮಾಧಾನದಿಂದ ಓದ್ರಿ.

ಪ್ರಶ್ನೆ: ನಾನು ನಮ್ಮ ಸಭೆದ ಖಜಾಂಚಿ ಇದ್ದೀನ್ರಿ. ನಮ್ದು ಸ್ವತಂತ್ರ ಸಭೆ, ಮ್ಯಾಲಿಂದ ಯಾವ ಬೋರ್ಡಿಂದೂ ರೊಕ್ಕ ಬರಲ್ಲ. ಪಾಸ್ಟರಿಗೆ ತಿಂಗಳಿಗೆ 9,000 ರೂಪಾಯಿ ಕೊಡ್ತೀವಿ, ಮೂರು ಊರು ನೋಡ್ತಾರ, ಪೆಟ್ರೋಲೂ ಅದರಾಗೇ. ಜಾಸ್ತಿ ಮಾಡೋಣ ಅಂದ್ರ ಕಮಿಟಿಯಾಗ "ಅವ್ರು ವಿಶ್ವಾಸದ ಮ್ಯಾಲ ಬದುಕೋರು, ದೇವರು ನೋಡ್ಕೋತಾನ" ಅಂತಾರ. ಏನು ಹೇಳ್ಲಿ? (ಭಾಲ್ಕಿ ತಾಲೂಕು)

ಉತ್ತರ: ಮೊದಲು ಒಂದು ಹಾಳಿ ತಗೊಂಡು ಪೆಟ್ರೋಲಿನ ಲೆಕ್ಕ ಬರೀರಿ ಅಣ್ಣಾ, ವಚನ ಆಮ್ಯಾಲ. ಮೂರು ಊರು ತಿರುಗಿ ಮನಿಗಿ ಬರೋದು ದಿನಕ್ಕ 60 ಕಿಲೋಮೀಟರ್ ಅಂತ ಹಿಡೀರಿ, ವಾರದಾಗ ನಾಕು ದಿನ, ತಿಂಗಳಿಗೆ ಸಾವಿರ ಕಿಲೋಮೀಟರಿನ ಹತ್ರ ಹತ್ರ ಆಯ್ತು. ಗಾಡಿ ಲೀಟರಿಗೆ 50 ಕೊಟ್ರೂ 20 ಲೀಟರ್ ಬೇಕು, ಲೀಟರಿನ ರೇಟ್ ನೂರು ದಾಟಿ ಎಷ್ಟು ದಿನ ಆಯ್ತು ನಿಮಗ ಗೊತ್ತದ. ಅಂದ್ರ ಎರಡು ಸಾವಿರದ ಮ್ಯಾಲ ಪೆಟ್ರೋಲಿಗೇ ಹೋಯ್ತು, ಟಯರು, ಆಯಿಲ್ಲು, ಸರ್ವಿಸಿಂಗ್ ಹಿಡದೇ ಇಲ್ಲ. ಉಳಿದ 6,500-7,000ದಾಗ ಮನಿ ಬಾಡಗಿ, ಗ್ಯಾಸು, ಮಕ್ಕಳ ಫೀಸು, ದವಾಖಾನಿ. ಈ ಹಾಳಿ ಕಮಿಟಿ ಟೇಬಲ್ ಮ್ಯಾಲ ಇಟ್ಟು "ನಾವು ಪಾಸ್ಟರಿಗೆ ಪಗಾರ ಕೊಡ್ಲಕತ್ತಿಲ್ಲ, ನಮ್ಮ ಸಭೆ ಖರ್ಚು ಅವ್ರ ಮನಿ ಊಟದಾಗಿಂದ ತಗೊಳ್ಲಕತ್ತೀವಿ" ಅಂತ ಹೇಳ್ರಿ. ಕಠಿಣ ಮಾತು ಅನಸ್ತದ, ಆದ್ರ ಖರೆ ಅದೇ ಅದ.

ವಿಶ್ವಾಸದ ಮ್ಯಾಲ ಬದುಕೋದು ಅಂದ್ರ ಸಭೆ ಕೈ ಕಟ್ಕೊಂಡು ಕೂಡೋದು ಅಂತ ಬೈಬಲಿನಾಗ ಎಲ್ಲೂ ಇಲ್ಲ. ತಿಮೊಥೆಯನಿಗೆ ಬರೆದ ಮೊದಲನೇ ಪತ್ರ 5ನೇ ಅಧ್ಯಾಯದಾಗ ಪೌಲ, ರಾಶಿ ತುಳಿಯೋ ಎತ್ತಿನ ಬಾಯಿ ಕಟ್ಟಬ್ಯಾಡ ಅನ್ನೋ ಮೋಶೆ ಧರ್ಮಶಾಸ್ತ್ರದ ಮಾತು ತಂದು, ಆಳು ಕೂಲಿಗೆ ಯೋಗ್ಯ ಅಂತ ಕೂಡಿಸಿ ಹೇಳ್ತಾನ, ಅದೂ ವಾಕ್ಯದಾಗ ಕಷ್ಟ ಪಡೋ ಹಿರಿಯರ ಬಗ್ಗೇನೆ ಹೇಳೋದು. ಗಲಾತ್ಯದವರಿಗೆ 6:6 ಇನ್ನೂ ಸೀದಾ ಅದ, ವಾಕ್ಯ ಕಲಿಯೋನು ಕಲಿಸೋನಿಗೆ ತನ್ನ ಒಳ್ಳೇದರಾಗ ಪಾಲು ಕೊಡ್ಬೇಕು. ಇದು ದಾನ ಅಲ್ಲ.

ಈಗ ಏನು ಮಾಡ್ಬೇಕು ಅಂದ್ರ, ಒಂದು, ಪೆಟ್ರೋಲು, ಫೋನ್ ರೀಚಾರ್ಜ್ ಪಗಾರದಿಂದ ಬ್ಯಾರೆ ಮಾಡ್ರಿ, ಅದು ಸಭೆ ಖರ್ಚು. ಇನ್ನೊಂದು, ತಿಂಗಳ 5ನೇ ತಾರೀಕು ಅಂದ್ರ 5ನೇ ತಾರೀಕೇ ಬ್ಯಾಂಕಿಗೆ ಹಾಕ್ರಿ. ಕಾಣಿಕೆ ಎಷ್ಟು ಬಿತ್ತು ನೋಡಿ ಕೊಡ್ತೀವಿ ಅಂತ ಪಾಸ್ಟರಮ್ಮಗ ಕಿರಾಣಿ ಅಂಗಡಿಯಾಗ ಉದ್ರಿ ಬರಸೋ ಹಂಗ ಮಾಡಬ್ಯಾಡ್ರಿ. ನಮ್ಮ ಕಡಿ ಎಷ್ಟೋ ಪಾಸ್ಟರ ಮನಿಯಾಗ ಫೈನಾನ್ಸಿನ ವಾರದ ಕಂತು ನಡದದ, ಯಾರಿಗೂ ಹೇಳಲ್ಲ, ನೀವೇ ಒಬ್ರು ಹಿರಿಯರು ಒಂಟಿಯಾಗಿ ಕೂತು "ಸಾಲ ಏನರ ಅದನ್ರಿ" ಅಂತ ಕೇಳ್ರಿ, ಕಮಿಟಿ ಮುಂದ ಕೇಳಬ್ಯಾಡ್ರಿ.

ಕೂಲಿ ಮಾಡೋ ಜನ, ರೊಕ್ಕ ಎಲ್ಲಿಂದ ತರ್ಬೇಕು ಅಂತ ಕೇಳ್ತಾರ, ಅದೂ ಖರೆನೇ. ಆದ್ರ ಭಾಲ್ಕಿ ಕಡಿ ಅಕ್ಟೋಬರ್ ಹೊತ್ತಿಗಿ ಸೋಯಾ, ಜನವರಿ ಹೊತ್ತಿಗಿ ತೊಗರಿ, ಆಮ್ಯಾಲ ಜ್ವಾಳ ಮನಿಗಿ ಬರ್ತದಲ್ಲ, ಸುಗ್ಗಿ ಕಾಣಿಕೆಯಾಗ ಒಂದು ಪಾಲು ಕಾಳಿನ ರೂಪದಾಗೇ ಪಾಸ್ಟರ ಮನಿಗಿ ಅಂತ ಮೊದಲೇ ತೀರ್ಮಾನ ಮಾಡ್ರಿ. ಹತ್ತು ಮನಿ ಐದೈದು ಸೇರು ಜ್ವಾಳ ಕೊಟ್ರ ಆ ಮನಿ ರೊಟ್ಟಿ ಚಿಂತಿ ಒಂದಿಷ್ಟು ದಿನ ಹೋಯ್ತು, ಮತ್ತ ಅದನ್ನ ಪಗಾರದಾಗ ಕಟ್ ಮಾಡಬ್ಯಾಡ್ರಿ.

ಇನ್ನ ವಿಮಾ, ಪೆನ್ಷನ್. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಅದ, ವರ್ಷಕ್ಕ 20 ರೂಪಾಯಿ, ಅಪಘಾತದಾಗ ತೀರಿಕೊಂಡ್ರ 2 ಲಕ್ಷ, 18ರಿಂದ 70 ವಯಸ್ಸಿನವ್ರಿಗೆ. ಜೀವನ್ ಜ್ಯೋತಿ ವರ್ಷಕ್ಕ 436, ಅದೂ 2 ಲಕ್ಷ, ಹ್ಯಾಂಗ ತೀರಿಕೊಂಡ್ರೂ ಬರ್ತದ, ಆದ್ರ 50 ದಾಟಿದ್ರ ಸೇರಲಿಕ್ಕ ಬರಲ್ಲ. ದಿನಾ ರಾತ್ರಿ ಪ್ರೇಯರ್ ಮುಗಿಸಿ ಕತ್ತಲದಾಗ ಬೈಕ್ ಮ್ಯಾಲ ಬರೋ ಮನುಷ್ಯಗ ಈ 456 ರೂಪಾಯಿ ಸಭೆ ಕಟ್ಟಲಿಲ್ಲಂದ್ರ ಮತ್ತೇನು ಕಟ್ತದ? ವಯಸ್ಸು 40ರ ಒಳಗಿದ್ದು ಇನ್‌ಕಮ್ ಟ್ಯಾಕ್ಸ್ ಕಟ್ಟೋರಲ್ಲಂದ್ರ ಅಟಲ್ ಪೆನ್ಷನ್ ಯೋಜನೆ ಮಾಡಸ್ರಿ, 60 ಆದ ಮ್ಯಾಲ ತಿಂಗಳಿಗೆ 1,000ದಿಂದ 5,000ತನಕ ಬರ್ತದ, ಎಷ್ಟು ಕಟ್ತೀರಿ ಅದರ ಮ್ಯಾಲ. 40 ದಾಟಿದ್ರ ಪೋಸ್ಟ್ ಆಫೀಸಿನಾಗ ಪಿಪಿಎಫ್ ಖಾತೆ ತಗಸ್ರಿ, ವರ್ಷಕ್ಕ ಕಡಿಮಿ ಅಂದ್ರ 500 ಕಟ್ಟಿದ್ರೂ ನಡೀತದ, 15 ವರ್ಷಕ್ಕ ಕೈಗಿ ಬರ್ತದ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷತನಕ ಚಿಕಿತ್ಸೆ ಅದ, ಕಾರ್ಡ್ ಮಾಡ್ಸ್ಯಾರೋ ಇಲ್ಲೋ ಕೇಳ್ರಿ. ಊರ ಮಂದಿ ಎಲ್ಲಾರಿಗಿ ಫಾರ್ಮ್ ತುಂಬಿ ಕೊಡೋ ಪಾಸ್ಟರು ತಮ್ದು ತುಂಬಿರಲ್ಲ.

ಮನಿ ವಿಷಯ ಕೂಡ ಈಗೇ ಮಾತಾಡ್ರಿ. ಬಾಡಗಿ ಮನಿಯಾಗೋ ಚರ್ಚ್ ಕ್ವಾರ್ಟರ್ಸಿನಾಗೋ ಮೂವತ್ತು ವರ್ಷ ಇದ್ದು, ಕೊನಿಗಿ ಕೀಲಿ ಕೊಟ್ಟು ಹೋಗೋ ದಿನ ಆ ಗಂಡ ಹೆಂಡ್ತಿ ಎಲ್ಲಿಗಿ ಹೋಗ್ಬೇಕು ಅಂತ ಯಾವ ಕಮಿಟಿನೂ ಯೋಚನೆ ಮಾಡಲ್ಲ.

ಪ್ರಶ್ನೆ: ನನಗ 26 ವರ್ಷ, ಪ್ರೈವೇಟ್ ಶಾಲೆಯಾಗ ಟೀಚರ್. ಭಾನುವಾರ ಸಂಡೇ ಸ್ಕೂಲ್, ಶನಿವಾರ ಕ್ವಾಯರ್ ಪ್ರಾಕ್ಟೀಸ್, ಬ್ಯಾಸಿಗಿಯಾಗ ವಿಬಿಎಸ್ (ರಜಾದಾಗ ಮಕ್ಕಳ ಬೈಬಲ್ ಶಾಲೆ), ಡಿಸೆಂಬರಿನಾಗ ಕ್ಯಾರಲ್ಸು, ಮಕ್ಕಳ ಡ್ರಾಮಾ ಎಲ್ಲಾ ನಂದೇ. ಹೋದ ವರ್ಷದಿಂದ ಚರ್ಚಿಗೆ ಹೋಗ್ಬೇಕಂದ್ರ ಮೈ ಭಾರ ಆಗ್ತದ, ಪ್ರಾರ್ಥನಾನೂ ಬರವಲ್ದು. ಜರಾ ಬಿಡುವು ಕೊಡ್ರಿ ಅಂದ್ರ "ದೇವರ ಕೆಲಸಕ್ಕ ರಜಾ ಅದೇನವ್ವಾ" ಅಂದ್ರು. ನಂದು ವಿಶ್ವಾಸ ಕಡಿಮಿ ಆಗ್ಯಾದೇನು? (ಕಲಬುರಗಿ)

ಉತ್ತರ: ಇಲ್ಲ ತಂಗಿ. ನೀ ದಣದೀದಿ, ವಿಶ್ವಾಸ ಕಡಿಮಿ ಆಗಿಲ್ಲ.

ಒಂದನೇ ಅರಸುಗಳು 19 ಇವತ್ತು ರಾತ್ರಿ ಒಂದ್ಸಲ ನಿಧಾನ ಓದು. ಕರ್ಮೆಲ್ ಬೆಟ್ಟದ ಮ್ಯಾಲ ಅಷ್ಟು ದೊಡ್ಡ ಕೆಲಸ ಮಾಡಿ ಬಂದ ಎಲೀಯ ಅಡವ್ಯಾಗ ಗಿಡದ ಕೆಳಗ ಕೂತು ಸಾಕಪ್ಪಾ, ನನ್ನ ಜೀವ ತಗೋ ಅಂತಾನ. ದೇವರು ಅವನಿಗಿ ಬೈಲಿಲ್ಲ, ಪ್ರಸಂಗಾನೂ ಮಾಡಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ತಿಂದು ಮತ್ತ ಮಲಗಿದ, ಎರಡನೇ ಸಲಾನೂ ಎಬ್ಬಿಸಿ ಊಟಾನೇ ಕೊಟ್ಟ. ಮಾತುಕತಿ ಎಲ್ಲಾ ಆಮ್ಯಾಲ, ಹೋರೇಬಿನಾಗ. ಮತ್ತ ಆ ಮಾತುಕತಿ ಕೊನಿಗಿ ದೇವರು ಏನು ಹೇಳ್ತಾನ ನೋಡು, ಹೋಗಿ ಎಲೀಷನನ್ನ ನಿನ್ನ ಜಾಗಕ್ಕ ಅಭಿಷೇಕ ಮಾಡು ಅಂತ. ಊಟ, ನಿದ್ದಿ, ಮತ್ತ ಕೈಗಿ ಒಬ್ಬ ಆಳು, ದಣದವನಿಗಿ ದೇವರು ಕೊಟ್ಟದ್ದು ಈ ಮೂರು. ನಿನಗ ನಿಮ್ಮ ಚರ್ಚ್ ಮೂರರಾಗ ಒಂದೂ ಕೊಟ್ಟಿಲ್ಲ. ಯೇಸು ಕೂಡ ಶಿಷ್ಯರು ಸೇವೆ ಮುಗಿಸಿ ಬಂದಾಗ, ಊಟಕ್ಕೂ ಹೊತ್ತಿರಲಿಲ್ಲ ಅಂತ ಮಾರ್ಕನು 6ನೇ ಅಧ್ಯಾಯದಾಗ ಬರದಾನ, ನೀವೇ ಅಡವಿ ಜಾಗಕ್ಕ ಬಂದು ಜರಾ ದಣಿವಾರಿಸಿಕೊಳ್ರಿ ಅಂದ. ರಜಾ ಅದೇನು ಅಂತ ಕೇಳಿದವ್ರಿಗೆ ಇದೇ ವಚನ ತೋರಿಸು.

ಈಗ ಮಾಡೋದು ಏನಂದ್ರ, ನೀ ಮಾಡೋ ಕೆಲಸ ಎಲ್ಲಾ ಒಂದು ಹಾಳಿ ಮ್ಯಾಲ ಬರಿ, ಚಾರ್ಟ್ ಪೇಪರ್ ತರೋದು, ಮಕ್ಕಳನ್ನ ಆಟೋ ಹತ್ಸೋದು, ಡ್ರಾಮಾ ಡ್ರೆಸ್ ಹೊಲಸೋದು, ಸಣ್ಣದು ಸೈತ ಬಿಡಬ್ಯಾಡ. ಎಷ್ಟೋ ಕಮಿಟಿಗಿ ಒಬ್ಬ ಹುಡುಗಿ ಎಷ್ಟು ಮಾಡ್ತಾಳ ಅನ್ನೋದೇ ಗೊತ್ತಿರಲ್ಲ, ಯಾಕಂದ್ರ ಎಲ್ಲಾ ಸರಳ ನಡದದ. ಅದರಾಗ ನಿನ್ನ ಮನಸ್ಸಿಗಿ ಖುಷಿ ಕೊಡೋದು ಒಂದೇ ಒಂದು ಇಟ್ಕೋ. ಉಳಿದಿದ್ದು ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಬಿಡ್ತೀನಿ, ಸೆಪ್ಟೆಂಬರ್ ಮೊದಲನೇ ಭಾನುವಾರ ಮತ್ತ ಮಾತಾಡೋಣ ಅಂತ ಬರದು ಕೊಡು. ತಾರೀಕು ಹಾಕಿ ಕೇಳಿದ ರಜಾಕ್ಕ ಜನ ಅಂಜಲ್ಲ, ತಾರೀಕಿಲ್ಲದ್ದಕ್ಕ ಅಂಜ್ತಾರ. ಆ ಮೂರು ತಿಂಗಳೂ ಚರ್ಚಿಗಿ ಹೋಗು, ಹಿಂದಿನ ಬೆಂಚಿನಾಗ ಕೂಡು, ಹಾಡು ಕೇಳು, ಯಾರ ಮಗೂನ್ನೂ ಹಿಡ್ಕೋಬ್ಯಾಡ.

ಇದನ್ನ ಓದೋ ಸಂಡೇ ಸ್ಕೂಲ್ ಸೂಪರಿಂಟೆಂಡೆಂಟರಿಗೂ ಒಂದು ಮಾತು. ವಾಟ್ಸಾಪ್ ಗ್ರೂಪಿನಾಗ "ಯಾರು ಮಾಡ್ತೀರಿ" ಅಂತ ಹಾಕಿದ್ರ ಪ್ರತಿ ಸಲ ಅದೇ ಹುಡುಗಿ "ನಾ ಮಾಡ್ತೀನಿ ಸರ್" ಅಂತಾಳ, ಉಳಿದವ್ರು ಕೈ ಜೋಡ್ಸಿದ ಎಮೋಜಿ ಹಾಕಿ ಸುಮ್ನಾಗ್ತಾರ. ಮನಿಗಿ ಹೋಗಿ, ಹೆಸರು ಹಿಡದು, ಇಂಥಾ ಕೆಲಸ, ಇಷ್ಟು ತಿಂಗಳು ಅಂತ ಕೇಳ್ರಿ, ಹೂಂ ಅನ್ನೋರು ನೀವು ತಿಳ್ಕೊಂಡಿದ್ದಕ್ಕಿಂತ ಜಾಸ್ತಿ ಸಿಗ್ತಾರ. ಕ್ಲಾಸಿಗಿ ಇಬ್ರು ಟೀಚರ್ ಇಡ್ರಿ, ಒಬ್ರು ಕಲಸ್ತಾರ, ಇನ್ನೊಬ್ರು ನೋಡಿ ಕಲೀತಾರ. ವಿಬಿಎಸ್ ಮೇ ತಿಂಗಳಾಗ ಇಡೋದಿದ್ರ ಮುಂಜಾನೆ ಏಳೂವರಿಗಿ ಶುರು ಮಾಡಿ ಹತ್ತೂವರಿಗಿ ಬಿಟ್ಟುಬಿಡ್ರಿ, ಕಲಬುರಗಿ ಬಿಸಲು 42 ಡಿಗ್ರಿ ದಾಟಿದಾಗ ತಗಡಿನ ಶೆಡ್ಡಿನಾಗ ಮಧ್ಯಾಹ್ನತನಕ ಹಾಡಿ ಕುಣಸಿ ಟೀಚರುಗಳಿಗಿ ಗ್ಲೂಕೋಸ್ ಹಚ್ಚೋ ಹಂಗ ಆಗೋದು ಬ್ಯಾಡ. ಟೀಚರುಗಳ ನಾಷ್ಟಾ, ಮಜ್ಜಿಗಿ, ಆಟೋ ಖರ್ಚು ಮೊದಲೇ ಬಜೆಟ್ಟಿನಾಗ ಬರೀರಿ. ಮಕ್ಕಳ ಬಿಸ್ಕಿಟಿನ ಲೆಕ್ಕ ಇರ್ತದ, ಕಲಸೋರ ಚಹಾದ ಲೆಕ್ಕ ಇರಲ್ಲ.

ಪ್ರಶ್ನೆ: ನಾನು ಪಾಸ್ಟರ ಹೆಂಡ್ತಿ. ಮೂರು ವರ್ಷಕ್ಕೊಮ್ಮೆ ನಾಕು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್, ಈಗ ಇಲ್ಲಿಗಿ ಬಂದೀವಿ. ದಿನಾ ಮಂದಿ ಬರ್ತಾರ, ಹೇಳ್ದ ಕೇಳ್ದ ಬರ್ತಾರ, ಎಲ್ಲಾರ ದುಃಖ ಕೇಳ್ತೀನಿ. ನನ್ನ ದುಃಖ ಹೇಳ್ಬೇಕಂದ್ರ ಸಭೆಯಾಗ ಯಾರಿಗೂ ಹೇಳಂಗಿಲ್ಲ, ಹೇಳಿದ್ರ ಮರುದಿನ ಊರಿಗೆಲ್ಲಾ ಗೊತ್ತು. ರಾತ್ರಿ ನಿದ್ದಿ ಬರಲ್ಲ, ಸುಮ್ಮಸುಮ್ನ ಅಳು ಬರ್ತದ. (ಯಾದಗಿರಿ ಜಿಲ್ಲೆ)

ಉತ್ತರ: ಅಕ್ಕಾ, ನಿಮ್ಮ ಪತ್ರ ಮತ್ತ ಮತ್ತ ಓದೀನಿ. ಮೊದಲು ನಿದ್ದಿ ಮತ್ತ ಅಳು ಬಗ್ಗೆ ಹೇಳ್ತೀನಿ, ಯಾಕಂದ್ರ ಅದು ಕಾಯೋ ವಿಷಯ ಅಲ್ಲ. 14416ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ ಸರ್ಕಾರದ್ದು, 2022ರ ಅಕ್ಟೋಬರದಾಗ ಶುರುವಾಗ್ಯದ, ಹಗಲೂ ರಾತ್ರಿ ನಡೀತದ, ಪುಕ್ಕಟ್ಟೆ, ಕನ್ನಡದಾಗೇ ಮಾತಾಡಬಹುದು, ನಿಮ್ಮ ಸಭೆದವ್ರಿಗಿ ಯಾರಿಗೂ ಗೊತ್ತಾಗಲ್ಲ. ಎರಡು ವಾರ ದಾಟಿ ಹಿಂಗೇ ಇದ್ರ ಜಿಲ್ಲಾಸ್ಪತ್ರಿಯಾಗ ಮಾನಸಿಕ ಡಾಕ್ಟರಿಗಿ ತೋರಿಸ್ರಿ, ಯಾದಗಿರಿಯಾಗ ಯಾರರ ನೋಡ್ತಾರ ಅನಸಿದ್ರ ಕಲಬುರಗಿಗಿ ಹೋಗ್ರಿ, ರೈಲಿನಾಗ ಬೆಳಿಗ್ಗಿ ಹೋಗಿ ಸಂಜಿಗಿ ಬರಬಹುದು. ಬಿಪಿಗಿ ಗುಳಗಿ ತಗೊಂಡ್ರ ಯಾರೂ ಪ್ರಾರ್ಥನೆ ಕಡಿಮಿ ಆಗ್ಯಾದ ಅನ್ನಲ್ಲ, ಇದಕ್ಕೂ ಹಂಗೇ.

ಎರಡನೇದು, ನಿಮ್ಮ ಸಭೆದ ಹೊರಗ ಒಬ್ಬ ಗೆಳತಿ ಬೇಕೇ ಬೇಕು. ಬ್ಯಾರೆ ಊರಿನ ಪಾಸ್ಟರಮ್ಮ ಆದ್ರ ಛಲೋ, ನಿಮ್ಮ ಮಾತು ಅರ್ಧಕ್ಕೇ ಅರ್ಥ ಆಗ್ತದ. ವಾರದಾಗ ಒಂದು ದಿನ, ಒಂದು ಹೊತ್ತು ನಿಗದಿ ಮಾಡ್ಕೊಂಡು ಫೋನ್ ಮಾಡ್ರಿ, ಏನೂ ಇಲ್ಲದಿದ್ರೂ ಮಾಡ್ರಿ.

ಉಳಿದಿದ್ದು ಸಭೆದವ್ರಿಗೆ ಹೇಳೋದದ. ಇತ್ರೋ ತನ್ನ ಅಳಿಯ ಮೋಶೆಗೆ ಸಾವಿರ ಮಂದಿ ಮ್ಯಾಲ ಒಬ್ಬ, ನೂರು ಮಂದಿ ಮ್ಯಾಲ ಒಬ್ಬ, ಐವತ್ತು, ಹತ್ತು ಮಂದಿ ಮ್ಯಾಲ ಒಬ್ಬೊಬ್ಬ ಅಂತ ಹಿರಿಯರನ್ನ ಇಡು ಅಂದದ್ದು ನಾವೆಲ್ಲಾ ಲೀಡರ್ಸ್ ಟ್ರೇನಿಂಗಿನಾಗ ಕೇಳೀವಿ. ಅದೇ ವಿಮೋಚನಕಾಂಡ 18ರ ಶುರುವಿನ ವಚನ ಯಾರೂ ಓದಲ್ಲ. ಇತ್ರೋ ಖಾಲಿ ಕೈಲೆ ಬಂದಿಲ್ಲ, ತವರಿಗಿ ಕಳಿಸಿದ್ದ ಮೋಶೆದ ಹೆಂಡ್ತಿ ಚಿಪ್ಪೋರಳನ್ನ, ಇಬ್ರು ಮಕ್ಕಳನ್ನ ಕರಕೊಂಡು ಬಂದಿದ್ದ. ಕುಶಲ ಕೇಳಿ, ಡೇರೆದಾಗ ಕೂತು ಮಾತಾಡಿ, ಊಟ ಮಾಡಿ, ಮರುದಿನ ಮುಂಜಾನಿಂದ ಸಂಜಿತನಕ ಕೆಲಸ ನೋಡಿ ಆಮ್ಯಾಲ ಸಲಹಾ ಕೊಟ್ಟ. ಸೇವಕನ ಕೆಲಸ ಸರಿ ಮಾಡ್ಲಿಕ್ಕ ಬಂದವ ಮೊದಲು ಅವನ ಮನಿ ಕೂಡ್ಸಿದ. ನಮ್ಮ ಕಡಿ ಪಾಸ್ಟರ ಬಗ್ಗೆ ಮೀಟಿಂಗ್ ಆಗ್ತಾವ, ಪಾಸ್ಟರಮ್ಮ ಒಳಗ ಚಹಾ ಕುದಸ್ತಿರ್ತಾಳ. ಮೀಟಿಂಗ್ ಮುಗದು ಎಲ್ಲಾರೂ ಹೋದ ಮ್ಯಾಲ ಸಿಂಕಿನಾಗ ಹದಿನೆಂಟು ಕಪ್ಪು, ಅಂಗಳದಾಗ ಚಪ್ಪಲಿ ಮಣ್ಣು, ಮಗನ ಹೋಂವರ್ಕ್ ಹಂಗೇ ಉಳದದ, ರಾತ್ರಿ ಹತ್ತು ಗಂಟಿ. ಆ ಹದಿನೆಂಟು ಮಂದಿಯಾಗ ಒಬ್ರರ ತಮ್ಮ ಕಪ್ಪು ತೊಳದಿಟ್ಟು ಹೋಗ್ಯಾರಾ?

ಹೋಗೋಕಿಂತ ಮೊದಲು ಫೋನ್ ಮಾಡ್ರಿ. ಸೋಮವಾರ ಪಾಸ್ಟರ ಮನಿಗಿ ಯಾರೂ ಹೋಗಬಾರದು ಅಂತ ನೋಟಿಸ್ ಬೋರ್ಡಿನಾಗ ಹಾಕ್ರಿ, ಸಾವು, ಸೀರಿಯಸ್ ಬೀಮಾರಿ ಬಿಟ್ಟು. ಪಾಸ್ಟರ ಹೆಂಡ್ತಿ ಅಂದ ಕೂಡ್ಲೆ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷಿ ಅಂತ ಹಿಡೀಬ್ಯಾಡ್ರಿ, ನಿಮಗ ಏನು ಇಷ್ಟ ಅದ ಅಂತ ಕೇಳ್ರಿ, ಏನೂ ಬ್ಯಾಡ ಅಂದ್ರೂ ಒಪ್ಕೊಳ್ರಿ, ಅಕೀಗಿ ನೀವು ಪಗಾರ ಕೊಡ್ಲಕತ್ತಿಲ್ಲ. ಟ್ರಾನ್ಸ್‌ಫರ್ ಆಗಿ ಬಂದ ಮನಿಗಿ ಮೊದಲನೇ ವಾರ ಯಾರರ ಒಬ್ರು ಗ್ಯಾಸ್ ಕನೆಕ್ಷನ್, ಶಾಲಿ ಅಡ್ಮಿಷನ್, ನೀರು ಯಾವಾಗ ಬರ್ತದ, ಛಲೋ ಡಾಕ್ಟರ್ ಯಾರು, ಇಷ್ಟು ತೋರಿಸಿ ಕೊಡ್ರಿ. ಮೆಥಡಿಸ್ಟ್ ಸಭೆಯಾಗ ಕಾನ್ಫರೆನ್ಸ್ ಕೊನಿಗಿ ಬಿಷಪ್ಪರು ಅಪಾಯಿಂಟ್‌ಮೆಂಟ್ ಓದ್ತಾರ, ಗಂಡನ ಹೆಸರು ಅಷ್ಟೇ ಓದ್ತಾರ, ಊರು ಬದಲಾಗೋದು ಪೂರಾ ಮನಿಗಿ. ಹತ್ತನೇ ಕ್ಲಾಸಿನಾಗ ಮಗು ಇದ್ರ ಒಂದು ವರ್ಷ ತಡೀರಿ ಅಂತ ಸಭೆದ ಹಿರಿಯರೇ ಮುಂದಾಗಿ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗಿ ಬರದು ಕೊಡಬಹುದು, ಪಾಸ್ಟರು ಬಾಯಿ ಬಿಟ್ಟು ಕೇಳಲ್ಲ.

ಪ್ರಶ್ನೆ: ಚರ್ಚ್ ವಾರ್ಷಿಕೋತ್ಸವಕ್ಕ ವಾಲಂಟಿಯರುಗಳಿಗೆಲ್ಲಾ ಶಾಲು, ಮೊಮೆಂಟೊ ಕೊಡಬೇಕಂತ ಮಾಡೀವಿ, 15,000 ಬಜೆಟ್. ಛಲೋ ಆಗ್ತದಲ್ರಿ? (ಹುಮನಾಬಾದ್)

ಉತ್ತರ: ಶಾಲು ಬೀರುವಿನಾಗ ಹೋಗ್ತದ. ನನ್ನ ಕೇಳಿದ್ರ ಆ ರೊಕ್ಕದಾಗ ಕೀಬೋರ್ಡ್ ನುಡಸೋ ಹುಡುಗನಿಗಿ ಮೂರು ತಿಂಗಳು ಕ್ಲಾಸಿಗಿ ಹಾಕ್ರಿ, ಸಂಡೇ ಸ್ಕೂಲ್ ಟೀಚರುಗಳನ್ನ ಒಂದು ಟ್ರೇನಿಂಗಿಗಿ ಕಳಸ್ರಿ, ಬಸ್ ಚಾರ್ಜು, ಊಟ ಸಭೆದೇ. ವೇದಿಕಿ ಮ್ಯಾಲ ಗೌರವ ಮಾಡೋದೇ ಇದ್ರ ರೋಮಾಪುರದವರಿಗೆ 16ನೇ ಅಧ್ಯಾಯದಾಗ ಪೌಲ ಮಾಡಿದ ಹಂಗ ಮಾಡ್ರಿ, ಇಪ್ಪತ್ತಕ್ಕಿಂತ ಜಾಸ್ತಿ ಮಂದಿ ಹೆಸರು ಹಿಡದು ವಂದನಾ ಹೇಳ್ತಾನ, ಭಾಳ ಮಂದಿಗಿ ಏನು ಮಾಡ್ಯಾರ ಅನ್ನೋದೂ ಕೂಡಿಸಿ, ಇವ್ರು ನನ್ನ ಸಲುವಾಗಿ ಕುತ್ತಿಗಿ ಒಡ್ಡಿದ್ರು, ಈಕಿ ನಿಮಗಾಗಿ ಭಾಳ ಕಷ್ಟ ಪಟ್ಟಾಳ ಅಂತ. "ನಮ್ಮೆಲ್ಲಾ ವಾಲಂಟಿಯರುಗಳಿಗೆ ಧನ್ಯವಾದ" ಅಂದ್ರ ಯಾರಿಗೂ ಮುಟ್ಟಲ್ಲ. "ಈ ಅಣ್ಣ ಮಳಿಗಾಲದಾಗ ಪ್ರತಿ ಭಾನುವಾರ ಐದು ಗಂಟಿಗಿ ಬಂದು ನೀರು ಬಳದು ಚಾಪಿ ಹಾಸ್ಯಾನ" ಅಂದ್ರ ಅವನ ಮಕ್ಕಳಿಗೂ ಮುಟ್ತದ.

ಪ್ರಶ್ನೆ: ನಾವು ಕ್ಯಾಥೊಲಿಕ್. ನಮ್ಮ ಫಾದರ್ ಒಬ್ರೇ ಚರ್ಚು, ಶಾಲಿ, ಹಾಸ್ಟೆಲು, ಸುತ್ತ ಹಳ್ಳಿ ಎಲ್ಲಾ ನೋಡ್ತಾರ. ಊರು ಮಂಗಳೂರು ಕಡಿದು, ಇಲ್ಲಿ ಅವ್ರ ಬಳಗ ಯಾರೂ ಇಲ್ಲ. ಶುಗರ್ ಅದ. ನಾವು ಸಾಮಾನ್ಯ ಜನ ಏನು ಮಾಡಬಹುದು? (ಬೀದರ್ ಜಿಲ್ಲೆ)

ಉತ್ತರ: ಕೇಳಿದ್ದೇ ದೊಡ್ಡದು. ನಿಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯ ಆಗಿದ್ದು 2005ರಾಗ, ಹೊಸದು, ಜಾಗ ದೊಡ್ಡದು, ಫಾದರುಗಳು ಕಡಿಮಿ, ಹಂಗಾಗಿ ಒಬ್ಬೊಬ್ಬರ ಮ್ಯಾಲ ಇಷ್ಟು ಭಾರ ಬೀಳ್ತದ.

ನಿಮ್ಮ ಚರ್ಚ್ ಕಾನೂನಿನಾಗೇ ಎರಡು ಮಾತು ಅವ, 1983ರ ಕ್ಯಾನನ್ ಲಾದಾಗ. 533ನೇ ಕ್ಯಾನನ್ ಪ್ರಕಾರ ಪ್ಯಾರಿಶ್ ಪ್ರೀಸ್ಟ್ ವರ್ಷಕ್ಕ ಒಂದು ತಿಂಗಳತನಕ ರಜಾ ಹೋಗಬಹುದು, ರಿಟ್ರೀಟಿಗಿ (ಪ್ರಾರ್ಥನೆ, ಧ್ಯಾನದ ಶಿಬಿರಕ್ಕ) ಹೋದ ದಿನ ಅದರಾಗ ಹಿಡಿಯಂಗಿಲ್ಲ. 537ನೇದರಾಗ ಪ್ರತಿ ಪ್ಯಾರಿಶಿನಾಗ ಹಣಕಾಸಿನ ಸಮಿತಿ ಇರಲೇಬೇಕು ಅಂತ ಅದ. ಅಂದ್ರ ಫಾದರ್ ರಜಾ ಹೋಗೋದೂ ಕಾನೂನು, ಲೆಕ್ಕದಾಗ ನೀವು ಕೈ ಹಚ್ಚೋದೂ ಕಾನೂನು. ಕಂಪೌಂಡ್ ಗೋಡಿ, ಕರೆಂಟ್ ಬಿಲ್ಲು, ಹಾಸ್ಟೆಲಿನ ಅಕ್ಕಿ, ಇವೆಲ್ಲಾ ಗೊತ್ತಿದ್ದವ್ರು ನಿಮ್ಮಲ್ಲೇ ರಿಟೈರ್ಡ್ ಮಾಸ್ತರು, ಬ್ಯಾಂಕಿನವ್ರು ಇರ್ತಾರ. ಅಪೊಸ್ತಲರ ಕೃತ್ಯಗಳು 6ರಾಗ ಊಟ ಹಂಚೋ ಕೆಲಸಕ್ಕ ಏಳು ಮಂದಿನ ಆರಿಸಿದ್ದು ಇದಕ್ಕೇ.

ಶುಗರ್ ಇದ್ದವ್ರಿಗಿ ಹೋದ ಹೋದ ಮನಿಯಾಗ ಸಜ್ಜಕ, ಹೋಳಿಗಿ ಅಂತ ಒತ್ತಾಯ ಮಾಡಬ್ಯಾಡ್ರಿ, ಪ್ರೀತಿ ಖರೆ, ಆದ್ರ ಒಂದು ಜ್ವಾಳದ ರೊಟ್ಟಿ, ಪುಂಡಿಪಲ್ಯ ಕೊಟ್ರ ಅವ್ರ ಜೀವಕ್ಕ ಛಲೋ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷಾಕ್ಕ ಕರಕೊಂಡು ಹೋಗೋ ಜವಾಬ್ದಾರಿ ಒಂದು ಮನಿ ತಗೊಳ್ರಿ. ಕ್ರಿಸ್ಮಸ್ ರಾತ್ರಿ ಪೂಜಿ ಮುಗಿಸಿ ಎಲ್ಲಾರೂ ತಂತಮ್ಮ ಮನಿಗಿ ಹೋಗಿ ಊಟಕ್ಕ ಕೂಡ್ತೀರಿ, ಅವ್ರನ್ನ ಯಾರ ಮನಿಗಿ ಕರೀಬೇಕು ಅಂತ ಮೊದಲೇ ಮಾತಾಡ್ಕೊಳ್ರಿ, ಎಲ್ಲಾರೂ ಬ್ಯಾರೆಯವ್ರು ಕರದಿರಬೇಕು ಅಂತ ಸುಮ್ನಿರ್ತಾರ.

ಪ್ರಶ್ನೆ: ಯೂತ್ ಲೀಡರ್ ಇದ್ದೀನಿ. ಹುಡುಗ್ರಿಗೆ ಗಿಟಾರು, ಸಂದೇಶ ಕೊಡೋದು, ಸೌಂಡ್ ಸಿಸ್ಟಮ್ ಎಲ್ಲಾ ಕಲಸ್ತೀವಿ, ತಯಾರಾಗೋ ಹೊತ್ತಿಗೆ ಬೆಂಗಳೂರು, ಪುಣೆ ಅಂತ ದುಡಿಲಿಕ್ಕ ಹೋಗಿಬಿಡ್ತಾರ. ಕಮಿಟಿ ಇನ್ನ ಮ್ಯಾಲ ಟ್ರೇನಿಂಗಿಗಿ ರೊಕ್ಕ ಕೊಡಲ್ಲ ಅಂದದ. (ಶಹಾಪುರ)

ಉತ್ತರ: ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಾಗ ನೋಡ್ರಿ, ನಮ್ಮ ಜಿಲ್ಲೆ ಹುಡುಗ್ರೇ ತುಂಬಿರ್ತಾರ, ಇಲ್ಲಿ ಕೆಲಸ ಇಲ್ಲ, ಹೋಗ್ತಾರ, ಅವ್ರ ತಪ್ಪಲ್ಲ. ಅವ್ರು ಹೋದ ಮ್ಯಾಲ ಅಲ್ಲಿ ಶೆಡ್ಡಿನಾಗ, ಬಾಡಗಿ ಹಾಲಿನಾಗ ಕನ್ನಡ ಸಭೆ ನಡಸ್ತಾರಲ್ಲ, ಕಟ್ಟಡ ಕೆಲಸ ಮಾಡೋ ನಮ್ಮ ಮಂದಿನ ಭಾನುವಾರ ಕೂಡಸ್ತಾರಲ್ಲ, ಅದು ನಿಮ್ಮ ಟ್ರೇನಿಂಗೇ. ಖರ್ಚು ದಂಡ ಆಗಿಲ್ಲ, ಕಮಿಟಿಗಿ ಹಿಂಗೇ ಹೇಳ್ರಿ.

ಆದ್ರ ಕಲಸೋ ಪದ್ಧತಿ ಬದಲಾಯಿಸ್ರಿ. ಎರಡು ವರ್ಷ ಕಲಸಿ ಆಮ್ಯಾಲ ಜವಾಬ್ದಾರಿ ಕೊಡ್ತೀವಿ ಅಂದ್ರ ಅಷ್ಟೊತ್ತಿಗಿ ಹುಡುಗ ಊರಾಗ ಇರಲ್ಲ. ಮೊದಲನೇ ತಿಂಗಳೇ ಸಣ್ಣ ಕೆಲಸ ಕೊಡ್ರಿ, ಹತ್ತು ನಿಮಿಷದ ಸಂದೇಶ, ಒಂದು ಹಾಡು, ಮೈಕ್ ವೈರ್ ಸುತ್ತಿಡೋದು. ತಿಮೊಥೆಯನಿಗೆ ಎರಡನೇ ಪತ್ರ 2:2ರಾಗ ಪೌಲನಿಂದ ತಿಮೊಥೆಯ, ಅವನಿಂದ ನಂಬಿಗಸ್ತರು, ಅವ್ರಿಂದ ಇನ್ನೊಬ್ರು, ನಾಕು ಕೈ ದಾಟ್ತದ, ಹಂಗ ಪ್ರತಿ ಹುಡುಗನ ಬಾಜೂಕ ಅವನಕಿಂತ ಎರಡು ಮೂರು ವರ್ಷ ಸಣ್ಣವನೊಬ್ಬ ನಿಂತಿರಬೇಕು, ದೊಡ್ಡವ ಹೋದ ಭಾನುವಾರ ಸಣ್ಣವ ಗಿಟಾರ್ ಹಿಡೀಬೇಕು. ಹೆಣ್ಣುಮಕ್ಕಳನ್ನ ಮರೀಬ್ಯಾಡ್ರಿ, ಸೌಂಡ್ ಸಿಸ್ಟಮ್ ಅವ್ರಿಗಿ ಯಾರೂ ಮುಟ್ಲಿಕ್ಕೇ ಕೊಡಲ್ಲ. ಮತ್ತ ಸುಗ್ಗಿ ನೋಡಿ ಟೈಮ್ ಇಡ್ರಿ, ಡಿಸೆಂಬರ್ ಜನವರಿಯಾಗ ಹತ್ತಿ ಬಿಡಸೋದು, ತೊಗರಿ ಕೊಯ್ಯೋದು ಇರ್ತದ, ಹಗಲೆಲ್ಲಾ ಹೊಲದಾಗ ಬಗ್ಗಿ ಬಂದ ಹುಡುಗಿನ ರಾತ್ರಿ ಹನ್ನೊಂದರತನಕ ಕ್ಯಾರಲ್ ಪ್ರಾಕ್ಟೀಸಿಗಿ ನಿಂದರಸೋದು ಸರಿ ಅಲ್ಲ. ಹಾಡು ನವೆಂಬರಿನಾಗೇ ಕಲಸಿ ಮುಗಸ್ರಿ.

ಊರು ಬಿಡೋ ಹುಡುಗನಿಗಿ ಪ್ರಾರ್ಥನೆ ಮಾಡಿ ಕಳಸ್ರಿ, ಅಲ್ಲಿನ ಒಂದು ಸಭೆಗಿ ಪತ್ರ ಬರದು ಕೊಡ್ರಿ. ಪೌಲ ರೋಮಾಪುರಕ್ಕ ಹೊಂಟ ಫೊಯಿಬೆ ಅನ್ನೋ ಸಭೆ ಸೇವಕಿಗಿ ಹಂಗೇ ಮಾಡ್ಯಾನ, ಈಕಿನ ಚೆನ್ನಾಗಿ ಬರಮಾಡ್ಕೊಳ್ರಿ, ಏನು ಬೇಕೋ ಸಹಾಯ ಮಾಡ್ರಿ ಅಂತ. ಯುಗಾದಿಗೋ ಈಸ್ಟರಿಗೋ ಊರಿಗಿ ಬಂದಾಗ "ಅಲ್ಲಿ ಹ್ಯಾಂಗ ಅದೀರಿ" ಅಂತ ಕೇಳ್ರಿ, ಕಾಣಿಕೆ ಕೇಳೋದು ಆಮ್ಯಾಲ.

ಪ್ರಶ್ನೆ: ನಮ್ಮ ಸಭೆಯಾಗ ಕಾಣಿಕೆ ಒಬ್ರೇ ಎಣಸ್ತಾರ, ಮಕ್ಕಳ ಕ್ಯಾಂಪಿಗಿ ಒಬ್ರೇ ಕರಕೊಂಡು ಹೋಗ್ತಾರ. ನಿಯಮ ಮಾಡೋಣ ಅಂದ್ರ "ಇಷ್ಟು ವರ್ಷ ಸೇವೆ ಮಾಡಿದವ್ರ ಮ್ಯಾಲ ನಂಬಿಕೆ ಇಲ್ಲೇನು" ಅಂತ ಬೇಜಾರು ಮಾಡ್ಕೋತಾರ. (ಸೇಡಂ)

ಉತ್ತರ: ನಂಬಿಕೆ ಅದ ಅಂತೇ ನಿಯಮ ಮಾಡೋದು. ಇಪ್ಪತ್ತು ವರ್ಷ ಪ್ರಾಮಾಣಿಕ ಇದ್ದ ಖಜಾಂಚಿ ಮ್ಯಾಲ ಒಂದು ದಿನ ಯಾರೋ ಒಬ್ರು ಸುಮ್ನ ಒಂದು ಮಾತು ಹಚ್ಚಿದ್ರ, ಒಬ್ರೇ ಎಣಿಸಿದ್ರ ಅವ್ರ ಕಡಿಂದ ಸಾಕ್ಷಿ ಹೇಳೋರು ಯಾರದಾರ? ಇಬ್ರು ಎಣಸ್ರಿ, ಇಬ್ರೂ ಒಂದೇ ಮನಿಯವ್ರು ಬ್ಯಾಡ, ಪುಸ್ತಕದಾಗ ಬರದು ಇಬ್ರೂ ಸಹಿ ಮಾಡ್ರಿ, ಸೋಮವಾರ ಬ್ಯಾಂಕಿಗಿ ಹಾಕ್ರಿ. ಪೌಲ ಕೂಡ ಯೆರೂಸಲೇಮಿನ ಬಡವ್ರ ಸಲುವಾಗಿ ಕೂಡಿಸಿದ ದೊಡ್ಡ ಮೊತ್ತ ಒಯ್ಯೋವಾಗ ಒಬ್ಬನೇ ಒಯ್ಯಲಿಲ್ಲ, ತನ್ನ ಸಹಾಯಕ ತೀತನ ಜೊತಿಗಿ ಸಭೆಗಳು ಆರಿಸಿದವ್ರನ್ನ ಕೂಡ್ಸಿದ, ಯಾರೂ ನಮ್ಮ ಮ್ಯಾಲ ತಪ್ಪು ಹೊರಸಬಾರದು ಅಂತ ಎರಡನೇ ಕೊರಿಂಥ 8ರಾಗ ಅವನೇ ಬರದಾನ.

ಮಕ್ಕಳ ವಿಷಯದಾಗ ಇನ್ನೂ ಗಟ್ಟಿ ಇರ್ರಿ, ಇಲ್ಲಿ ಬೇಜಾರಿಗಿ ಅಂಜಬ್ಯಾಡ್ರಿ. ಕ್ಲಾಸಿನಾಗ, ಕ್ಯಾಂಪಿನಾಗ, ಗಾಡಿಯಾಗ ಯಾವಾಗ್ಲೂ ಇಬ್ರು ದೊಡ್ಡವ್ರು, ಹೆಣ್ಣುಮಕ್ಕಳಿದ್ರ ಅದರಾಗ ಒಬ್ರು ಹೆಣ್ಣುಮಗಳು ಇರಲೇಬೇಕು. ತಾಯಿ ತಂದಿ ಸಹಿ ಇಲ್ಲದ ಯಾವ ಮಗೂನ್ನೂ ಊರು ದಾಟಿಸಬ್ಯಾಡ್ರಿ. ಹೊಸ ವಾಲಂಟಿಯರ್ ಆದ್ರ ಆರು ತಿಂಗಳರ ಸಭೆಯಾಗ ನೋಡಿ ಆಮ್ಯಾಲ ಮಕ್ಕಳ ಹತ್ರ ಬಿಡ್ರಿ. ಏನರ ತಪ್ಪು ನಡದದ ಅಂತ ಗೊತ್ತಾದ್ರ ಕಮಿಟಿಯಾಗ ಕೂತು ಮುಚ್ಚಿಹಾಕೋ ಹಂಗಿಲ್ಲ, 2012ರ ಪೋಕ್ಸೊ ಕಾಯ್ದೆ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಕಾನೂನು) 19ನೇ ಸೆಕ್ಷನ್ ಪ್ರಕಾರ ಗೊತ್ತಿದ್ದವ್ರು ಪೊಲೀಸರಿಗಿ ತಿಳಿಸಲೇಬೇಕು, ಪಾಸ್ಟರಾಗ್ಲಿ ಫಾದರಾಗ್ಲಿ ಹಿರಿಯರಾಗ್ಲಿ. ಮಕ್ಕಳ ಸಹಾಯವಾಣಿ 1098, ಇದನ್ನ ಸಂಡೇ ಸ್ಕೂಲ್ ಗೋಡಿ ಮ್ಯಾಲ ದೊಡ್ಡದಾಗಿ ಬರಸ್ರಿ.

ಹಳಬರ ಬೇಜಾರು ಹೋಗ್ಬೇಕಂದ್ರ ನಿಯಮ ಅವ್ರ ಕೈಲೇ ಬರಸ್ರಿ. ಇಷ್ಟು ವರ್ಷ ಮಾಡಿದವ್ರಿಗಿ ಎಲ್ಲಿ ಎಲ್ಲಿ ಎಡವಟ್ಟಾಗ್ತದ ಅನ್ನೋದು ನಿಮಕಿಂತ ಜಾಸ್ತಿ ಗೊತ್ತಿರ್ತದ. ಅವ್ರೇ ಮೊದಲನೇ ಭಾನುವಾರ ಎಲ್ಲಾರ ಮುಂದ ಓದಿ ಹೇಳ್ಲಿ, ಮತ್ತ ಎಣಸೋ ಟೇಬಲ್ಲಿಗಿ ಬಾಜೂಕ ಕೂಡೋ ಎರಡನೇ ಮನುಷ್ಯಾನೂ ಅವ್ರೇ ಆರಿಸಿ ಕಲಸ್ಲಿ.